ತಪ್ಪು ಡಬ್ಬಿಗಳ ಜೊತೆ ಇಪ್ಪತ್ತೊಂದು ದಿನ

ಮೊದಲ ದಿನ: ಗ್ಯಾರೇಜು

ಇಂಗ್ಲೆಂಡಿಗೆ ಹೋಗಿಬಂದವರು ಹೇಳಬೇಕಾದ ಅರಮನೆ, ಗಡಿಯಾರದ ಗೋಪುರ, ಸೇತುವೆಗಳನ್ನು ನಾನೂ ನೋಡಿದ್ದೇನೆ. ಅವು ಚಿತ್ರದಲ್ಲಿ ಇದ್ದ ಹಾಗೆಯೇ ಇವೆ. ನನ್ನ ಪ್ರವಾಸದ ಬಹುಪಾಲು ಒಂದು ಗ್ಯಾರೇಜಿನ ಪಕ್ಕದ ಕೋಣೆಯಲ್ಲಿ, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಕಳೆಯಿತು. ಹೇಳುವುದಿದ್ದರೆ ಅದನ್ನೇ ಹೇಳಬೇಕು.

ಜಮಖಂಡಿಯ ಒಂದು ಸೇವಾ ಸಂಘದವರು ನಮ್ಮಿಬ್ಬರನ್ನು ಕಳಿಸಿದ್ದರು. ಅಲ್ಲಿನ ಸಂಘದವರ ಮನೆಯಲ್ಲಿ ಮೂರು ವಾರ ಇರುವುದು, ಅವರ ಬದುಕು ನೋಡುವುದು, ಬಂದು ಭಾಷಣ ಮಾಡುವುದು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನೆಂದು ಆರಿಸಿದರು. ಮಗ್ಗಗಳ ಊರಾದ ಬನಹಟ್ಟಿಯ ಸಿದ್ದಪ್ಪ ಸಾವಕಾರರನ್ನು ಸಂಘದ ಹಿರಿಯರೆಂದು ಆರಿಸಿದರು. ಸಾವಕಾರರು ಸೀರೆ ವ್ಯಾಪಾರಿ. ಹರೆಯದಲ್ಲಿ ತಲೆಯ ಮೇಲೆ ಸೀರೆಯ ಗಂಟು ಹೊತ್ತು ಊರೂರು ತಿರುಗಿದವರು. ಈಗ ಅಂಗಡಿ ಇದೆ, ಆದರೂ ತಿರುಗುವುದನ್ನು ಬಿಟ್ಟಿಲ್ಲ. ಇಂಗ್ಲಿಷ್ ಬರುವುದಿಲ್ಲ. ಅವರ ಮಾತನ್ನು ಅತ್ತ, ಅತ್ತಣ ಮಾತನ್ನು ಅವರಿಗೆ ದಾಟಿಸುವುದು ನನ್ನ ಪಾಲಿಗೆ ಬಂದಿತ್ತು.

ನಮ್ಮನ್ನು ಇಳಿಸಿದ್ದು ಲಂಡನ್ನಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಬಡಾವಣೆಯಲ್ಲಿ. ನೂರಾರು ಮನೆಗಳು, ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದ ಬೆಲ್ಲದ ಪೆಂಟೆಯ ಹಾಗೆ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಮನೆಯ ಒಡತಿ ಹೆಲೆನ್, ನಿವೃತ್ತ ನರ್ಸ್, ಬಹಳ ಒಳ್ಳೆಯವರು. ಚಹಾ ಕೊಟ್ಟರು, ಮೂರು ಬಣ್ಣದ ಕಸದ ಡಬ್ಬಿ ತೋರಿಸಿದರು. ಯಾವ ಕಸ ಯಾವುದಕ್ಕೆ, ಯಾವ ವಾರ ಯಾವುದನ್ನು ಹೊರಗಿಡಬೇಕು ಎಂದು ಅರ್ಧ ಗಂಟೆ ವಿವರಿಸಿದರು. ತಪ್ಪಿದರೆ ನೆರೆಯವರು ಚೀಟಿ ಅಂಟಿಸುತ್ತಾರಂತೆ.

ಆಗ ಗೋಡೆಯಾಚೆ ಏನೋ ಸಿಡಿಯಿತು. ಚಹಾದ ಕಪ್ಪು ಬಸಿಯ ಮೇಲೆ ಕುಣಿಯಿತು. ಸಾವಕಾರರು ಎದ್ದು ನಿಂತರು.

"ಮಾಸ್ತರ, ಯಾವುದೋ ಮಗ್ಗದ ಪಟ್ಟಾ ಕಡದೈತಿ ನೋಡ್ರಿ. ಮೊದಲ ಕರೆಂಟ್ ತಗೀರಿ ಅಂತ ಹೇಳ್ರಿ ಅವರಿಗೆ."

ಹೆಲೆನ್ ಕ್ಷಮೆ ಕೇಳಿದರು. ಅದು ಮಗಳು ಕೇಟಳ ಬ್ಯಾಂಡು. ಪಂಕ್ ಸಂಗೀತ. ಹಾಗೆಂದರೇನು ಎಂದು ಕೇಳಿದೆ. "ನುಡಿಸಲು ಬಾರದವರೂ ನುಡಿಸಬಹುದಾದ ಸಂಗೀತ," ಎಂದರು. ವ್ಯಂಗ್ಯವಲ್ಲ, ಹೆಮ್ಮೆಯಿಂದಲೇ ಹೇಳಿದರು.

ಗ್ಯಾರೇಜಿಗೆ ಕರೆದೊಯ್ದರು. ಗೋಡೆಗೆಲ್ಲ ಹಳೆಯ ಗಾದಿ, ಮೊಟ್ಟೆಯ ಟ್ರೇ. ಕೇಟ್‌ಗೆ ಇಪ್ಪತ್ತೆರಡಿರಬಹುದು, ಹಸಿರು ಕೂದಲು. ಹಗಲು ಒಂದು ದಿನಸಿ ಅಂಗಡಿಯಲ್ಲಿ ಕೆಲಸ, ಇಲ್ಲಿ ಕೂಗುವುದು. ಡ್ರಮ್ಮಿನ ಹಿಂದೆ ಡೇವ್, ಬಣ್ಣ ಬಳಿಯುವವನು. ಗಿಟಾರು ಹಿಡಿದ ಇಬ್ಬರು ಅಣ್ಣತಮ್ಮಂದಿರು. ಅವರ ಹೆಸರು ನನಗೆ ಕೊನೆಯತನಕ ಅದಲುಬದಲಾಗುತ್ತಿತ್ತು. ಬ್ಯಾಂಡಿನ ಹೆಸರು 'ರಾಂಗ್ ಬಿನ್ಸ್', ತಪ್ಪು ಡಬ್ಬಿಗಳು. ಕಸದ ನಿಯಮದ ಮೇಲೆ ಮುನಿದು ಬ್ಯಾಂಡು ಕಟ್ಟಿದ ಮಂದಿಯನ್ನು ನಾನು ಹಿಂದೆ ಕಂಡಿರಲಿಲ್ಲ.

ಎರಡು ನಿಮಿಷದ ಹಾಡು ಮುಗಿಸಿ ಕೇಟ್ ನನ್ನ ಮುಖ ನೋಡಿದಳು. "ಬಹಳ ಜೋರಾಗಿದೆ," ಎಂದೆ. ನಾಲ್ವರೂ ಸಂತೋಷಪಟ್ಟರು.

ಮೂರನೆಯ ದಿನ: ಕಾಗದ ಮತ್ತು ಪಿನ್ನು

ಇವರು ಎಲ್ಲವನ್ನೂ ತಾವೇ ಮಾಡಿಕೊಳ್ಳುತ್ತಾರೆ ಎಂಬುದು ಆ ಊರಿನ ದೊಡ್ಡ ಸುದ್ದಿ. ಹಾಡು ತಾವೇ ಬರೆಯುತ್ತಾರೆ, ಕ್ಯಾಸೆಟ್ಟುಗಳನ್ನು ಹೆಲೆನ್ ಅವರ ಟೇಪ್‌ರೆಕಾರ್ಡರಿನಲ್ಲಿ ಒಂದೊಂದಾಗಿ ನಕಲು ಮಾಡುತ್ತಾರೆ, ಅಂಗಿಯ ಮೇಲೆ ಆಲೂಗಡ್ಡೆ ಕೊರೆದು ಅಚ್ಚು ಒತ್ತುತ್ತಾರೆ. ಬಿಲ್ ಎಂಬ ಬೋಳುತಲೆಯ ಅಂಚೆಯವನು, ನನಗಿಂತ ಹಿರಿಯ, ಇವರ ಬಗ್ಗೆ ಒಂದು ಪತ್ರಿಕೆ ತರುತ್ತಾನೆ. ಎಂಟು ಪುಟ, ಝೆರಾಕ್ಸ್, ಮಧ್ಯೆ ಎರಡು ಪಿನ್ನು. ಓರೆಯಾಗಿ ಕತ್ತರಿಸಿ ಅಂಟಿಸಿದ್ದನ್ನು ನೋಡಿದರೆ ನಮ್ಮ ಶಾಲೆಯ ಏಳನೆಯ ತರಗತಿಯವರೂ ನಾಚಬೇಕು. ಆದರೆ ಆ ಓರೆಯೇ ಮುಖ್ಯವೆಂದು ಬಿಲ್ ನನಗೆ ಬಹಳ ಹೊತ್ತು ತಿಳಿಹೇಳಿದ.

ನನಗೆ ನಗು ಬಂತು. ಬೀಳಗಿ ಕಡೆಯ ಯಾವ ಹಳ್ಳಿಯಲ್ಲಿ ನಾಟಕದ ಪರದೆಯನ್ನು ಹೊರಗಿನವರು ಬಂದು ಹೊಲಿದುಕೊಟ್ಟಿದ್ದಾರೆ? ಹೋಳಿ ಹುಣ್ಣಿಮೆಗೆ ಹಲಗೆ ಬಾರಿಸುವವರು ಬೆಂಕಿ ಹಾಕಿ ಹಲಗೆ ಕಾಯಿಸಿಕೊಳ್ಳುವುದೂ ತಾವೇ, ಕೈ ಒಡೆದರೆ ಬಟ್ಟೆ ಸುತ್ತಿಕೊಳ್ಳುವುದೂ ತಾವೇ. ನಾವು ಮಾಡಿದರೆ ಅದು ಗತಿಯಿಲ್ಲದ ಕೆಲಸ. ಇವರು ಮಾಡಿದರೆ ಚಳವಳಿ.

ಸಾವಕಾರರಿಗೆ ಹೀಗೆಂದು ಹೇಳಿದೆ. ಅವರು ಬಿಲ್ಲನ ಎದುರು ಕೂತು ಹಾಳೆ ಮಡಚಿ ಕೊಡುತ್ತಿದ್ದರು. ಸೀರೆ ಮಡಚಿದ ಕೈ, ಅಂಚಿಗೆ ಅಂಚು ಕೂಡಿಸಿ ಎಷ್ಟು ನೀಟಾಗಿ ಮಡಚಿದರೆಂದರೆ ಬಿಲ್ ಕಂಗಾಲಾಗಿದ್ದ.

"ಇರ್ಲಿ ಬಿಡ್ರಿ ಮಾಸ್ತರ," ಎಂದರು. "ಸುಮ್ಮ ಟೀವಿ ಮುಂದ ಕುಂಡ್ರೂದಕಿಂತ ಛಲೋ ಅಲ್ಲೇನ್ರಿ?"

ಮೊದಲ ಶನಿವಾರ: ಸ್ಕೌಟ್ ಹಟ್

ಬಡಾವಣೆಯ ಕೊನೆಯಲ್ಲಿ ಮರದ ಹಲಗೆಯ ಗೋಡೆ, ತಗಡಿನ ಛಾವಣಿಯ ಒಂದು ಕೊಠಡಿ. ಎಂದೋ ಸ್ಕೌಟ್ ಹುಡುಗರಿಗೆ ಕಟ್ಟಿದ್ದು, ಸ್ಕೌಟ್ ಹಟ್ ಎನ್ನುತ್ತಾರೆ. ಶನಿವಾರ ಮಧ್ಯಾಹ್ನ ಅಲ್ಲಿ ಇಂಥ ಬ್ಯಾಂಡುಗಳ ಗದ್ದಲ. ನಾನು ಎಣಿಸಿದೆ: ಮೂವತ್ತೊಂದು ಜನ, ನಮ್ಮನ್ನು ಹಿಡಿದು.

ಹಾಡು ಶುರುವಾದ ಕೂಡಲೇ ಕೇಳಲು ಬಂದವರು ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯತೊಡಗಿದರು. ಜಗಳವಾಯಿತೆಂದು ನಾನು ಗೋಡೆಗೆ ಅಂಟಿಕೊಂಡೆ. ಜಗಳವಲ್ಲ, ಅದೇ ಕುಣಿತ. ರಸ್ತೆಯಲ್ಲಿ ಕೈ ತಾಕಿದರೆ ಮೂರು ಸಲ ಕ್ಷಮೆ ಕೇಳುವ ಜನ, ಇಲ್ಲಿ ಬೇಕೆಂದೇ ಮೈಮೇಲೆ ಬೀಳುತ್ತಿದ್ದರು. ಸಾವಕಾರರು ನನ್ನ ಪಕ್ಕದಲ್ಲಿ ಇರಲಿಲ್ಲ. ನೋಡಿದರೆ ಧೋತರ ಎತ್ತಿ ಕಟ್ಟಿ ನಡುವೆ ಸಿಕ್ಕಿಬಿದ್ದಿದ್ದಾರೆ, ತಲೆಯ ಟೊಪ್ಪಿಗೆ ಇಲ್ಲ. ಮರುಕ್ಷಣ ಅವರೇ ಇಲ್ಲ. ಕೆಳಗೆ ಬಿದ್ದಿದ್ದರು.

ಆದರೆ ನಾನು ಕಾಲೆತ್ತುವ ಮೊದಲೇ ನಾಲ್ಕಾರು ಕೈ ಅವರನ್ನು ಎತ್ತಿ ನಿಲ್ಲಿಸಿದ್ದವು. ಮೂಗಿಗೆ ಉಂಗುರ ಹಾಕಿಕೊಂಡವನೊಬ್ಬ ಅವರ ಅಂಗಿಯ ಧೂಳು ಜಾಡಿಸಿದ. ಟೊಪ್ಪಿಗೆ ತಲೆಗಳ ಮೇಲಿಂದ ಕೈಯಿಂದ ಕೈಗೆ ದಾಟಿ ಬಂತು. ಸಾವಕಾರರು ಬೆವರಿ, ನಗುತ್ತ ಬಂದರು.

"ಬಿದ್ನ್ಯೋ ಇಲ್ಲೋ, ಎತ್ತೇ ಬಿಟ್ರು ನೋಡ್ರಿ. ನಮ್ಮ ಕಡೆ ಕುಸ್ತಿ ನೋಡಾಕ ನಿಂತಾಗ ಬಿದ್ದರ ತುಳದ ಹೋಗ್ತಾರ."

ಬಿಲ್ ಪತ್ರಿಕೆಗಾಗಿ ನನ್ನ ಅಭಿಪ್ರಾಯ ಕೇಳಿದ. ಆ ಹೊತ್ತಿಗೆ ನನಗೆ ಸಾಕಾಗಿತ್ತು. "ಮುಧೋಳದ ಪೇಟೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಬ್ರೇಕಿಲ್ಲದೆ ಪಾತ್ರೆ ಅಂಗಡಿಗೆ ನುಗ್ಗಿದರೂ ಇದಕ್ಕಿಂತ ಹೆಚ್ಚು ತಾಳ ಇರುತ್ತದೆ," ಎಂದೆ.

ಸೋಮವಾರ ಬೆಳಿಗ್ಗೆ ಆ ಮಾತು ನನ್ನ ಹೆಸರಿನ ಸಮೇತ ಪೋಸ್ಟರಾಗಿ ಬಸ್‌ಸ್ಟಾಪಿನಲ್ಲಿ ಅಂಟಿತ್ತು. ಹೊಗಳಿಕೆಯೆಂದೇ ಹಾಕಿದ್ದರು. ಬೈದರೆ ಬೈಸಿಕೊಳ್ಳಲೂ ಬಾರದ ಜನರೊಂದಿಗೆ ಮಾಡುವುದೇನು?

ಎರಡನೆಯ ಬುಧವಾರ: ಊಟದ ಮೇಜು

ಹೆಲೆನ್ ಬೇಯಿಸಿದ ಬೀನ್ಸಿಗೆ ಸಾವಕಾರರು ತಮ್ಮ ಶೇಂಗಾ ಚಟ್ನಿ ಉದುರಿಸಿ, ಊರಿಂದ ತಂದ ಒಣಗಿದ ಕಟಕು ರೊಟ್ಟಿ ಮುರಿದು ಎಲ್ಲರಿಗೂ ಹಂಚಿದ್ದರು. ಕೇಟ್ ಹೊಸ ಹಾಡಿನ ಸುದ್ದಿ ಹೇಳಿದಳು. ಸ್ಕೌಟ್ ಹಟ್ ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಲು ಊರಿನ ಪುರಸಭೆ ಹೊರಟಿದೆ, ಮುಂದಿನ ಮಂಗಳವಾರ ಸಭೆ. ಹಾಡಿನ ಪಲ್ಲವಿ: 'ನಮ್ಮನ್ನು ಮುಳುಗಿಸುತ್ತಿದ್ದಾರೆ.'

ನಾನು ಚಮಚ ಕೆಳಗಿಟ್ಟೆ.

"ಮುಳುಗಿಸುವುದು ಅಂದರೇನು ಗೊತ್ತೇ ನಿನಗೆ?"

ಹೇಳಬಾರದೆಂದು ಇದ್ದೆ, ಹೇಳಿದೆ. ನನ್ನ ಊರು ಗಲಗಲಿಯ ಹತ್ತಿರ, ಹೊಳೆದಂಡೆಯಲ್ಲಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು ಮೂರು ವರ್ಷವಾಗಿತ್ತು. ಅದಕ್ಕೂ ಮೊದಲು ಸರಕಾರದವರು ಬಾಗಿಲ ಮೇಲೆ ಬಣ್ಣದಲ್ಲಿ ನಂಬರು ಬರೆದು ಹೋದರು. ಆಮೇಲೆ ನಮ್ಮ ಮನೆಯನ್ನು ನಾವೇ ಕಿತ್ತೆವು. ಅಣ್ಣ ಮಾಳಿಗೆಯ ಮೇಲೆ ನಿಂತು ತೊಲೆ ಬಿಚ್ಚಿ ಕೊಡುತ್ತಿದ್ದ, ನಾನು ಕೆಳಗಿಂದ ಹಿಡಿದುಕೊಳ್ಳುತ್ತಿದ್ದೆ. ಬಾಗಿಲು, ಚೌಕಟ್ಟು, ಕಂಬ, ಹೊಸ್ತಿಲು ಎಲ್ಲ ಟ್ರ್ಯಾಕ್ಟರಿಗೆ ಹೇರಿದೆವು. ನೀರು ಬಂದಾಗ ಮುಳುಗಲು ಮನೆಯೇ ಉಳಿದಿರಲಿಲ್ಲ.

"ನೀವೇ ಕಿತ್ತಿರಾ?" ಎಂದಳು ಕೇಟ್.

"ನಾವೇ."

"ಯಾರಿಗೂ ಏನೂ ಹೇಳಲಿಲ್ಲವೇ?"

"ಅರ್ಜಿ ಕೊಟ್ಟೆವು. ನಾನೇ ಬರೆದೆ. ಒಳ್ಳೆಯ ಭಾಷೆಯಲ್ಲಿ."

"ಆಮೇಲೆ?"

"ತಲುಪಿದೆ ಎಂದು ಉತ್ತರ ಬಂತು."

"ಆಮೇಲೆ?"

"ಇನ್ನೊಂದು ಬರೆದೆ."

ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಬೇರೆ ಊರುಗಳಲ್ಲಿ ಧರಣಿ ಕೂತವರು, ರಸ್ತೆಗೆ ಅಡ್ಡ ಮಲಗಿದವರು ಇದ್ದರು. ನಮ್ಮ ಓಣಿಯವರು ಹೆಚ್ಚಿನವರು ನೌಕರಿಯಲ್ಲಿದ್ದವರು. ನಾವು ಅಂಥದಕ್ಕೆ ಹೋಗುವವರಲ್ಲ. ಇದನ್ನೆಲ್ಲ ಒಂದು ಹಸಿರು ತಲೆಗೆ ಯಾಕೆ ಹೇಳಬೇಕು? ಊಟ ಬಿಟ್ಟು ಎದ್ದು ಕೋಣೆಗೆ ಹೋದೆ.

ಸಾವಕಾರರು ಹಿಂದೆಯೇ ಬಂದು ಏನು ಮಾತಾಯಿತೆಂದು ಕೇಳಿದರು. ಹೇಳಿದೆ.

"ನಿಮ್ಮೂರು ನನಗೇನು ಹೊಸಾದೇನ್ರಿ?" ಎಂದರು. "ನಿಮ್ಮ ಓಣ್ಯಾಗ ಸೀರಿ ಗಂಟ ಬಿಚ್ಚಿದ್ನೆಂದ್ರ ನಿಮ್ಮವ್ವಾರು ಮೊದಲ ನೀರ ಕೊಡತಿದ್ರು, ಆಮ್ಯಾಲ ರೇಟು ಕೇಳತಿದ್ರು."

ಮಂಗಳವಾರ: ಪುರಸಭೆ

ಸಂಘದವರೇ ನಮ್ಮನ್ನು ಸಭೆ ನೋಡಲು ಕರೆದೊಯ್ದರು, ಪ್ರಜಾಪ್ರಭುತ್ವ ಹೇಗೆ ನಡೆಯುತ್ತದೆಂದು ತೋರಿಸಲಿಕ್ಕೆ. ಪುರಸಭೆಯ ಅಧ್ಯಕ್ಷರೂ ಆ ಸಂಘದವರೇ. ಮೆತ್ತನೆಯ ಜಮಖಾನೆ, ಚಹಾ, ಬಿಸ್ಕೀಟು, ಒಂಬತ್ತು ಸದಸ್ಯರು. ಬ್ಯಾಂಡಿನವರು ಹಿಂದಿನ ಸಾಲಿನಲ್ಲಿದ್ದರು. ಇನ್ನೇನು ಕೂಗಾಡುತ್ತಾರೆ ಎಂದು ನಾನು ಕಾದೆ. ಇಲ್ಲ. ಕೇಟ್ ಕೂದಲನ್ನು ಟೋಪಿಯೊಳಗೆ ಅಡಗಿಸಿ, ಇಸ್ತ್ರಿ ಅಂಗಿ ಹಾಕಿ ಬಂದಿದ್ದಳು. ಕಾಗದ ನೋಡಿ ಮೂರು ನಿಮಿಷ ಓದಿದಳು. ಎರಡು ಸಲ ಸಾಲು ತಪ್ಪಿತು. ಮೈಕು ಮುರಿಯುವ ಹಾಗೆ ಅರಚುವವಳು ಇವಳೇನಾ ಅನಿಸಿತು. ಇಷ್ಟೇ ಇವರ ಸಿಟ್ಟು ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು.

ಸಾರ್ವಜನಿಕರಲ್ಲಿ ಇನ್ನಾರಾದರೂ ಮಾತಾಡುವವರಿದ್ದಾರೆಯೇ ಎಂದು ಅಧ್ಯಕ್ಷರು ಕೇಳಿದರು. ಸಾವಕಾರರು ನನ್ನ ಕಡೆ ಬಾಗಿ, "ಏನ ಕೇಳಾಕತ್ತಾರ?" ಎಂದರು. ಹೇಳಿದೆ. ಅವರು ಎದ್ದು ನಿಂತರು.

ಅತಿಥಿಯೆಂದು ಎಲ್ಲರೂ ನಕ್ಕು ಒಪ್ಪಿಗೆ ಕೊಟ್ಟರು. ಸಾವಕಾರರು ಟೊಪ್ಪಿಗೆ ಸರಿಮಾಡಿಕೊಂಡರು.

"ನಾ ಸೀರಿ ಮಾರಾಂವ್ರಿ. ಈ ಹುಡುಗ್ರ ಹಾಡ ನನಗ ತಿಳಿಯಂಗಿಲ್ಲ. ಖರೆ ಹೇಳ್ಬೇಕಂದ್ರ ತಲಿ ನೋಯ್ತೈತಿ. ಆದ್ರ ಆ ತಗಡಿನ ಮನ್ಯಾಗ ನಾ ಬಿದ್ದಾಗ ಎತ್ತಿದ್ರು. ನಮ್ಮ ಮಾಸ್ತರ ಊರು ನೀರಾಗ ಹೋಗೇತಿ. ಆ ಊರಾಗ ಕಟ್ಟಿ ಇದ್ದೂವು, ಮಂದಿ ಕುಂಡ್ರತಿದ್ರು. ಹೊಸಾ ಊರಾಗ ಮನಿ ಅದಾವ, ರಸ್ತೆ ಅದಾವ, ಕುಂಡ್ರೂ ಜಾಗಾ ಇಲ್ಲ. ಮೂರ ವರ್ಷಾತು, ಒಬ್ಬೊಬ್ಬರು ತಮ್ಮ ತಮ್ಮ ಬಾಗಲಾ ಹಾಕ್ಕೊಂಡ ಕುಂತಾರ. ಗಂಟ ಎಲ್ಲಿ ಬಿಚ್ಚಬೇಕೂ ತಿಳೀದ ನಾ ಹೊಳ್ಳಿ ಬರ್ತೀನಿ. ಜಾಗಾ ಕೆಡವೂದು ಸಸಾರ ಐತ್ರಿ. ಮಂದೀನ ಮತ್ತ ಕೂಡಸೂದು ಸಸಾರಲ್ಲ. ಆಕಿ ಹೇಳೂದ ಒಂದೀಟ ಕೇಳ್ರಿ."

ಕೈ ಮುಗಿದು ನಿಂತರು. ಎಲ್ಲರ ಮುಖ ನನ್ನ ಕಡೆ ತಿರುಗಿತು.

ಒಂದೊಂದು ಶಬ್ದಕ್ಕೂ ಇಂಗ್ಲಿಷ್ ನನ್ನ ಬಾಯಲ್ಲಿತ್ತು. ಆದರೆ ಅಧ್ಯಕ್ಷರು ಸಂಘದವರು. ನಮ್ಮನ್ನು ಕರೆಸಿ, ಉಣಿಸಿ, ಊರು ತೋರಿಸಿದವರು. ನಮ್ಮ ಊರಿನ ನೀರನ್ನು ತಂದು ಪರರ ಜಮಖಾನೆಯ ಮೇಲೆ ಸುರಿಯುವುದೇ? ಜಮಖಂಡಿಗೆ ಪತ್ರ ಹೋದರೆ? ಇವು ನಾನು ಆಮೇಲೆ ಹುಡುಕಿಕೊಂಡ ಕಾರಣಗಳು. ಆಗ ಇದ್ದದ್ದು ಬರೀ ಹೆದರಿಕೆ. ಅರ್ಜಿ ಬರೆಯುವಾಗ ಇದ್ದ ಹೆದರಿಕೆಯೇ.

"ನನ್ನ ಸ್ನೇಹಿತರು ನಿಮ್ಮ ಆತಿಥ್ಯಕ್ಕೆ ವಂದನೆ ಹೇಳುತ್ತಿದ್ದಾರೆ," ಎಂದೆ. "ಇಲ್ಲಿಯ ಹವೆ ತುಂಬ ಚೆನ್ನಾಗಿದೆ ಎನ್ನುತ್ತಿದ್ದಾರೆ."

ಸಭೆ ಚಪ್ಪಾಳೆ ತಟ್ಟಿತು. ತಮ್ಮ ಮಾತು ನಾಟಿತೆಂದು ಸಾವಕಾರರು ಹಿಗ್ಗಿ ಮತ್ತೊಮ್ಮೆ ಕೈ ಮುಗಿದರು. ಆಮೇಲೆ ಕೈ ಎತ್ತಿಸಿ ಎಣಿಸಿದರು. ಕೆಡವಲು ಐದು, ಉಳಿಸಲು ನಾಲ್ಕು.

ಹೊರಗೆ ಕಾರು ನಿಲ್ಲಿಸುವಲ್ಲಿ ಬ್ಯಾಂಡು ಒಡೆಯಿತು. ನಯವಾಗಿ ಮಾತಾಡಿ ಕೆಡಿಸಿದೆ ಎಂದು ಅಣ್ಣತಮ್ಮಂದಿರು ಕೇಟಳ ಮೇಲೆ ಹರಿಹಾಯ್ದರು. ಹೇಗೂ ತನಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ ಎಂದು ಡೇವ್ ಡ್ರಮ್ಮಿನ ಕೋಲುಗಳನ್ನು ಅವಳ ಕೈಗೆ ಕೊಟ್ಟ. ಜಗತ್ತನ್ನು ಬದಲಿಸಲು ಹುಟ್ಟಿದ ತಪ್ಪು ಡಬ್ಬಿಗಳ ಆಯುಷ್ಯ ಹನ್ನೊಂದು ತಿಂಗಳು. ನಮ್ಮ ಕಡೆಯ ಭಜನಾ ಮಂಡಳಿಗಳು ಮೊಮ್ಮಕ್ಕಳ ಕಾಲದವರೆಗೂ ಜಗಳವಾಡುತ್ತಲೇ ನಡೆಯುತ್ತವೆ.

ಕೇಟ್ ಒಬ್ಬಳೇ ಉಳಿದಳು. ನನ್ನ ಬಳಿ ಬಂದು, "ಅವರು ಅಷ್ಟು ಹೊತ್ತು ಮಾತಾಡಿದರು. ಹವೆಯ ಬಗ್ಗೆಯಷ್ಟೇ ಇರಲಿಕ್ಕಿಲ್ಲ. ನಿಜವಾಗಿ ಏನೆಂದರು?" ಎಂದಳು.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಸಾವಕಾರರ ಮಾತನ್ನು ಮೊದಲಿಂದ ಕೊನೆಯತನಕ ಒಪ್ಪಿಸಿದೆ, ಕಟ್ಟೆ, ಬಾಗಿಲು, ಗಂಟು, ಎಲ್ಲ. ಅವಳ ಮುಖ ನಿಧಾನವಾಗಿ ಕೆಂಪಾಯಿತು.

"ಒಂದು ಕೈ ಬೇಕಾಗಿತ್ತು," ಎಂದಳು. "ಒಂದೇ ಒಂದು."

ಮುಂದಿನ ಮೂರು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ನಾನು ಊಟ ತಣ್ಣಗಾದ ಮೇಲೆ ಹೋಗಿ ಉಂಡು ಬರುತ್ತಿದ್ದೆ.

ಕೊನೆಯ ಶನಿವಾರ: ಅಂಗಳ

ಆ ಶನಿವಾರದ ಹಾಡಿನ ಪೋಸ್ಟರು ಮೊದಲೇ ಅಂಟಿಸಿದ್ದರಿಂದ ಜನ ಬಂದರು. ಸ್ಕೌಟ್ ಹಟ್‌ನ ಬಾಗಿಲಿಗೆ ಹೊಸ ಬೀಗ. ಡೇವ್ ಬಂದ, ಅಣ್ಣತಮ್ಮಂದಿರೂ ಮುಖ ಊದಿಸಿಕೊಂಡು ಬಂದರು. ಇದೊಂದು ಮುಗಿಸಿಬಿಡೋಣ ಎಂಬುದಷ್ಟೇ ಒಪ್ಪಂದ. ಪಕ್ಕದ ಮನೆಯ ಮುದುಕಿ ತನ್ನ ಅಡುಗೆಮನೆಯ ಕಿಟಕಿಯಿಂದ ವೈರು ಹೊರಗೆ ಬಿಟ್ಟುಕೊಟ್ಟಳು. ಜಿಟಿಜಿಟಿ ಮಳೆ. ಎಂಬತ್ತಕ್ಕೂ ಹೆಚ್ಚು ಮಂದಿ ಅಂಗಳದ ಕೆಸರಿನಲ್ಲಿ ನಿಂತರು. ಮುಚ್ಚುವ ದಿನ ಬಂದ ಇವರಲ್ಲಿ ಅರ್ಧದಷ್ಟು ಜನ ಸಭೆಯ ದಿನ ಬಂದಿದ್ದರೆ ಎಂದುಕೊಂಡೆ. ಹಾಗೆಂದುಕೊಳ್ಳುವ ಯೋಗ್ಯತೆ ನನಗಿಲ್ಲವೆಂದು ಸುಮ್ಮನಾದೆ.

ನಾಲ್ಕು ಹಾಡು ಹಿಂದಿನಷ್ಟೇ ಕೆಟ್ಟದಾಗಿ ಆದವು. ಆ ವಿಷಯದಲ್ಲಿ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಆಮೇಲೆ ಕೇಟ್ ಮೈಕು ಹಿಡಿದು, ಇದು ಈ ವಾರ ಬರೆದ ಹಾಡು, ಇದೇ ಕೊನೆಯದು ಎಂದಳು. ನನ್ನನ್ನು ನೋಡಿದಳು.

'ಹವೆ ತುಂಬ ಚೆನ್ನಾಗಿದೆ!'

ಅದಿಷ್ಟೇ ಹಾಡು. ಅದನ್ನೇ ಮತ್ತೆ ಮತ್ತೆ ಕೂಗಿದಳು. ಮೂರನೆಯ ಸಲಕ್ಕೆ ಅಂಗಳದ ಜನವೆಲ್ಲ ಮುಷ್ಟಿ ಎತ್ತಿ, ಮಳೆಯಲ್ಲಿ ತೊಯ್ಯುತ್ತ ಕೂಗಿದರು. ಮನೆಗಳ ಕಿಟಕಿಗಳು ತೆರೆದವು. ಒಬ್ಬ ಪೊಲೀಸಿನವನು ಬಂದು, ಮುಗಿಯಲಿ ಎಂದು ಗೇಟಿಗೆ ಒರಗಿ ನಿಂತ. ನಾನು ನಿಂತಲ್ಲೇ ನಿಂತಿದ್ದೆ. ಎಲ್ಲಿಗೆ ಹೋಗುವುದು? ಆ ಹಾಡಿನ ಅರ್ಥ ಗೊತ್ತಿದ್ದವರು ಅಲ್ಲಿ ಇಬ್ಬರೇ, ಅವಳು ಮತ್ತು ನಾನು.

ಸಾವಕಾರರು ಕೊಡೆ ಮಡಚಿ ಕಂಕುಳಲ್ಲಿಟ್ಟು ಚಪ್ಪಾಳೆ ಹಾಕುತ್ತಿದ್ದರು.

"ಇದೊಂದು ಛಲೋ ಐತಿ ನೋಡ್ರಿ ಮಾಸ್ತರ. ಏನಂತ ಅದರ ಅರ್ಥ?"

ಹೇಳಿದೆ. ಹವೆಯಿಂದ ಶುರು ಮಾಡಿ, ಸಭೆಯಲ್ಲಿ ಅವರು ಆಡಿದ ಮಾತು ಏನಾಯಿತೆಂಬುದನ್ನು, ಐದು ಮತ್ತು ನಾಲ್ಕನ್ನು, ಎಲ್ಲ ಹೇಳಿದೆ. ಗದ್ದಲದಲ್ಲಿ ಅವರಿಗೆ ಕೇಳಿಸಲೆಂದು ಕೂಗಿಯೇ ಹೇಳಬೇಕಾಯಿತು.

ಅವರ ಚಪ್ಪಾಳೆ ನಿಂತಿತು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಹಾಡು ಮುಗಿಯಿತು, ಡೇವ್ ಡ್ರಮ್ಮು ಬಿಚ್ಚತೊಡಗಿದ, ಮುದುಕಿ ವೈರು ಒಳಗೆಳೆದುಕೊಂಡಳು. ಸಾವಕಾರರು ನನ್ನ ಕಡೆ ತಿರುಗಿ, ಗೊತ್ತಿಲ್ಲದ್ದನ್ನು ಕೇಳುವವರ ಹಾಗೆ ಮೆಲ್ಲಗೆ ಕೇಳಿದರು.

"ಮಾಸ್ತರ, ನೀವು ಹುಡುಗ್ರಿಗೆ ಇಂಗ್ಲಿಷ್ ಕಲಸ್ತೀರಿ, ಹೌದಲ್ಲರಿ?"

"ಹೌದ್ರಿ."

"ಯಾತಕ್ರಿ?"